ಲಾಗ್ ಬರೆ ಎಂದರೆ ಲೇಬಲ್ ಉಗುಳುವ ಯಂತ್ರ

ಹೊಸ ಆವೃತ್ತಿಯ ತಂತ್ರಾಂಶವನ್ನು ಹಾಕಿದ ದಿನದಿಂದ ನಮ್ಮ ಕಚೇರಿಯ ಲೇಬಲ್ ಪ್ರಿಂಟರಿಗೆ ಗ್ರಹಚಾರ ಹಿಡಿಯಿತು. ಪೈಥಾನ್ ಪ್ರೋಗ್ರಾಮು ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ಫೈಲಿಗೆ ಒಂದು ಸಾಲು ಬರೆಯಲು ಹೇಳಿದಾಗಲೆಲ್ಲ ಫೈಲು ಖಾಲಿಯಾಗಿಯೇ ಉಳಿಯುತ್ತಿತ್ತು. ಪ್ರಿಂಟರು ಮಾತ್ರ ಬಹಳ ಗಂಭೀರವಾಗಿ ಒಂದು ಬಿಳಿ ಲೇಬಲನ್ನು ಹೊರಗೆ ದೂಡುತ್ತಿತ್ತು. ಹಾರ್ಡ್‌ವೇರ್ ವಿಭಾಗದವರು ರೋಲರನ್ನು ಒರೆಸಿ, ಕೇಬಲ್ ಬದಲಿಸಿ, ಕೊನೆಗೆ ತಪ್ಪನ್ನು ವೋಲ್ಟೇಜಿನ ಮೇಲೆ ಹೊರಿಸಿದರು. ಕಾರಣ ತಿಳಿಯದ ತೊಂದರೆಗಳೆಲ್ಲ ನಮ್ಮಲ್ಲಿ ಸೇರುವುದು ವೋಲ್ಟೇಜಿನ ಖಾತೆಗೇ.

ದೋಷವಿದ್ದದ್ದು ವಂಶಾವಳಿಯಲ್ಲಿ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಪೈಥಾನಿನಿಂದ ಬಳಸುತ್ತಿದ್ದ ನಮ್ಮ ಕ್ಲಾಸು (ಆಬ್ಜೆಕ್ಟುಗಳನ್ನು ಎರೆಯುವ ಅಚ್ಚು) ಈಗ ಪ್ರಿಂಟರ್ ಮತ್ತು ಲಾಗರ್ ಎಂಬ ಎರಡು ಬೇಸ್ ಕ್ಲಾಸುಗಳಿಗೆ, ಎಂದರೆ ಪೂರ್ವಜರಿಗೆ, ವಾರಸುದಾರನಾಗಿತ್ತು. 1989ರಿಂದಲೂ ಆ ಭಾಷೆ ಇಂಥ ಮಲ್ಟಿಪಲ್ ಇನ್‌ಹೆರಿಟೆನ್ಸಿಗೆ ಅವಕಾಶ ಕೊಟ್ಟಿದೆ. ಆಬ್ಜೆಕ್ಟಿನೊಳಗೆ ಮೊದಲ ಬೇಸಿನ ಭಾಗ ಆರಂಭದಲ್ಲಿಯೇ ಕುಳಿತರೆ ಎರಡನೆಯದು ಕೆಲವು ಬೈಟುಗಳ ಆಚೆ ಕುಳಿತಿರುತ್ತದೆ. ಹಳೆಯ ನಂಬರು, ಹೊಸ ನಂಬರು ಎರಡನ್ನೂ ಗೇಟಿನ ಮೇಲೆ ಬರೆಸಿಕೊಂಡ ಬೆಂಗಳೂರಿನ ಮನೆಯಂತೆ ಒಂದೇ ಆಬ್ಜೆಕ್ಟಿಗೆ ಎರಡು ವಿಳಾಸ. ಆಬ್ಜೆಕ್ಟಿನ ವಿಳಾಸವನ್ನು ಹಿಡಿದಿಟ್ಟ ಪಾಯಿಂಟರನ್ನು ಲಾಗರ್ ಎಂದು ಪರಿಗಣಿಸಬೇಕಾದಾಗ, ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರು ಅದನ್ನು ಅಷ್ಟು ಬೈಟು ಸರಿಸಿ, ಯಾರಿಗೂ ಹೇಳದೆ ಸುಮ್ಮನಿರುತ್ತದೆ. ಆದರೆ ಎರಡು ಭಾಷೆಗಳ ನಡುವಿನ ಸೇತುವೆಯನ್ನು ಬರೆದು, ಹಿಂದಿನ ಶುಕ್ರವಾರವಷ್ಟೇ ಬೀಳ್ಕೊಡುಗೆ ಪಡೆದು ಹೋಗಿದ್ದ ಪುಣ್ಯಾತ್ಮರು, ಪಾಯಿಂಟರನ್ನು ಯಾವ ಕ್ಲಾಸಿನದೆಂಬ ಗುರುತಿಲ್ಲದ ವಾಯ್ಡ್ ಸ್ಟಾರ್ ಮಾಡಿ, ಅದನ್ನು ಸುತ್ತಿಡುವ ಪೈಥಾನಿನ ಕ್ಯಾಪ್ಸೂಲಿನಲ್ಲಿಟ್ಟಿದ್ದರು. ವಾಯ್ಡ್ ಸ್ಟಾರಿಗೆ ಕುಲವೂ ಇಲ್ಲ, ಗೋತ್ರವೂ ಇಲ್ಲ. ಹೊರತೆಗೆದವರು ಅದನ್ನು ಲಾಗರ್ ಎಂದೇ ನಂಬಿ ವರ್ಚುವಲ್ ಟೇಬಲಿನ (ಕ್ಲಾಸಿನ ಫಂಕ್ಷನ್ನುಗಳ ಪಟ್ಟಿಯ) ಮೊದಲ ಫಂಕ್ಷನ್ನನ್ನು ಕರೆದರೆ, ಅಲ್ಲಿ ಓಗೊಟ್ಟದ್ದು ಪ್ರಿಂಟರಿನ ಮೊದಲ ಫಂಕ್ಷನ್ನು, ಎಂದರೆ ಕಾಗದ ಮುಂದೂಡುವುದು.

ಬೇಸುಗಳ ಕ್ರಮವನ್ನು ಅದಲುಬದಲು ಮಾಡಿದರೆ ಸಾಕೆಂದು ಹಿರಿಯರೊಬ್ಬರು ಸೂಚಿಸಿದರು. ಮಾಡಿದೆವು. ಲಾಗ್ ಸೊಗಸಾಗಿ ಬಂದಿತು. ಆದರೆ ಈಗ ಎರಡನೆಯದಾದ ಪ್ರಿಂಟರಿನಿಂದ ಲೇಬಲ್ ಕೇಳಿದೊಡನೆ ಪ್ರೋಗ್ರಾಮೇ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿಗೆ ಕೈಹಾಕಿದ ತಪ್ಪು) ಎಂದು ಕುಸಿದುಬಿತ್ತು.

ಕೊನೆಗೆ, ಸಿ ಪ್ಲಸ್ ಪ್ಲಸ್ ಕೋಡನ್ನು ಪೈಥಾನಿಗೆ ಜೋಡಿಸುವ ಪೈಬೈಂಡ್11 ಲೈಬ್ರರಿಗೆ ಶರಣಾದೆವು. ಎರಡೂ ಬೇಸುಗಳನ್ನು ಹೆಸರಿಸಿದರೆ ವಿಳಾಸ ಸರಿಸುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಆ ನೆಮ್ಮದಿಯಲ್ಲಿದ್ದಾಗಲೇ ಕಿರಿಯ ಸಹೋದ್ಯೋಗಿಯೊಬ್ಬ ಪೈಥಾನಿನಲ್ಲಿಯೇ ಎರಡೂ ಬೇಸುಗಳಿಂದ ಹೊಸ ಕ್ಲಾಸೊಂದನ್ನು ಮಾಡಿ, ಪೂರ್ವಜರನ್ನು ಸಿದ್ಧಗೊಳಿಸಲು ಸೂಪರ್ ಎಂದು ಒಮ್ಮೆ ಕರೆದು ಕೈತೊಳೆದುಕೊಂಡ. ಪೈಥಾನ್ 2.3ರಿಂದ ಪೂರ್ವಜರ ಸರದಿಯನ್ನು ಸಿ3 ಎಂಬ ಕ್ರಮ ನಿರ್ಧರಿಸುತ್ತದೆ. ಆ ಸರದಿಯಲ್ಲಿ ಒಬ್ಬರು ಮುಂದಿನವರನ್ನು ಕೂಗಿದರೆ ತಾನೇ ಎಲ್ಲರೂ ಎದ್ದುಬರುವುದು? ಸಿ ಪ್ಲಸ್ ಪ್ಲಸ್‌ನಿಂದ ಬಂದ ಬೇಸಿಗೆ ಆ ಸೌಜನ್ಯವಿಲ್ಲ. ಎರಡನೆಯದು ಹುಟ್ಟಲೇ ಇಲ್ಲ, ಟೈಪ್‌ಎರರ್ ಎಂಬ ದೋಷಸಂದೇಶ ಬಂದು ನಿಂತಿತು. ಇಬ್ಬರನ್ನೂ ಹೆಸರು ಹಿಡಿದು ಬೇರೆ ಬೇರೆಯಾಗಿ ಕರೆಯಬೇಕೆಂದು ಲೈಬ್ರರಿಯ ಕೈಪಿಡಿಯಲ್ಲಿಯೇ ಬರೆದಿದೆ. ಕೈಪಿಡಿಯನ್ನು ಓದುವ ವಾಡಿಕೆ ನಮ್ಮಲ್ಲಿಲ್ಲ.

ಅಷ್ಟರಲ್ಲಿ ಗ್ರಾಹಕರು ಜಾವಾ ಆವೃತ್ತಿಯನ್ನೂ ಕೇಳಿದರು. ಜಾವಾದಲ್ಲಿ ಒಂದು ಕ್ಲಾಸು ಇನ್ನೊಂದೇ ಕ್ಲಾಸಿನಿಂದ ಹುಟ್ಟಬಹುದು. ಆದ್ದರಿಂದ, ಸಿ ಪ್ಲಸ್ ಪ್ಲಸ್ ಕೋಡನ್ನು ಬೇರೆ ಭಾಷೆಗಳಿಗೆ ಜೋಡಿಸುವ ಸ್ವಿಗ್ ಉಪಕರಣವು ಮೊದಲ ಬೇಸನ್ನು ಉಳಿಸಿಕೊಂಡು, ಎರಡನೆಯದನ್ನು ಕೈಬಿಟ್ಟಿರುವುದಾಗಿ 813ನೆಯ ಸಂಖ್ಯೆಯ ಎಚ್ಚರಿಕೆಯನ್ನು ಕೊಟ್ಟು ಮುಂದುವರಿಯಿತು. ಅಲ್ಲಿಗೆ ನಮ್ಮ ಹಟ ಮುರಿಯಿತು. ಲಾಗರನ್ನು ವಂಶದಿಂದ ಹೊರಹಾಕಿ, ಕ್ಲಾಸಿನೊಳಗೆ ಒಂದು ಸಾಧಾರಣ ಮೆಂಬರ್ ಆಗಿ ಇರಿಸಿದೆವು. ಮೂರೂ ಭಾಷೆಗಳು ತೆಪ್ಪಗಾದವು. ಆರ್ಕಿಟೆಕ್ಟ್ ಸಾಹೇಬರು ಮಾತ್ರ, ತಮ್ಮ ವಿನ್ಯಾಸದ ಚಿತ್ರದಲ್ಲಿ ಬಾಣವೊಂದು ಕಡಿಮೆಯಾಗಿ ಅದರ ಘನತೆಯೇ ಹೋಯಿತೆಂದು ಇಂದಿಗೂ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ.