ಕಣ್ಣು ತಗ್ಗಿಸಿದವನಿಗೆ ಕಾನ್ಫಿಡೆನ್ಸ್ ಇಲ್ಲ ಅಂದವರು ಯಾರು?

ಇಂಟರ್‌ವ್ಯೂ ಟ್ರೈನಿಂಗ್ ಹೆಸರಲ್ಲಿ ನಮ್ಮ ಮಕ್ಕಳ ತಲೆಗೆ ತುಂಬ್ತಿರೋ ಒಂದು ಲೆಕ್ಕದ ಬಗ್ಗೆ ನನಗೆ ಸಿಕ್ಕಾಪಟ್ಟೆ ತಕರಾರಿದೆ. ನಾವು ಹೇಳೋದು ಎದುರಿನವರಿಗೆ ಮುಟ್ಟೋದ್ರಲ್ಲಿ ಮಾತಿನ ಪಾಲು ಶೇ. 7, ದನಿಯದು ಶೇ. 38, ಬಾಡಿ ಲಾಂಗ್ವೇಜ್‌ದು ಶೇ. 55 ಅನ್ನೋ ಲೆಕ್ಕ. ಸಾಫ್ಟ್ ಸ್ಕಿಲ್ಸ್ ಹೇಳಿಕೊಡೋರ ಸ್ಲೈಡ್‌ನಲ್ಲಿ ಇದು ಇಲ್ಲದಿದ್ರೆ ಕ್ಲಾಸೇ ಶುರುವಾಗಲ್ಲ. ಇದನ್ನ ನಂಬಿದ ಹುಡುಗ ಸಬ್ಜೆಕ್ಟ್ ಪುಸ್ತಕ ಮುಚ್ಚಿಟ್ಟು ಕನ್ನಡಿ ಮುಂದೆ ನಗೋದು ಕಲೀತಾನೆ.

ಈ ಅಂಕಿಗಳು ಬಂದಿದ್ದು 1967ರಲ್ಲಿ, ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರ ಎರಡು ಪ್ರಯೋಗಗಳಿಂದ. ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಮುಖದ ಫೋಟೊ ತೋರಿಸಿದರು, ಹೇಳಿದವರ ಮನಸ್ಸಲ್ಲಿ ಇಷ್ಟ ಇದೆಯೋ ಇಲ್ಲವೋ ಅಂತ ಕೇಳಿದರು. ಅಷ್ಟೇ ಕಥೆ. ಫೋಟೊದಲ್ಲಿದ್ದದ್ದು ಮುಖ, ಕೈಕಾಲು, ಕೂರುವ ಭಂಗಿ ಲೆಕ್ಕದಲ್ಲೇ ಇರಲಿಲ್ಲ. ಭಾವನೆಗಳ ವಿಷಯ ಬಿಟ್ಟು ಬೇರೆ ಮಾತುಕತೆಗೆ ಈ ಸೂತ್ರ ಹಚ್ಚಬೇಡಿ ಅಂತ ಸ್ವತಃ ಅವರೇ ಹೇಳಿದ್ದಾರೆ. ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಧೈರ್ಯದ ಹಾರ್ಮೋನ್ ಏರುತ್ತೆ ಅನ್ನೋ 'ಪವರ್ ಪೋಸ್' ಕಥೆಯೂ ಹೀಗೇ ಆಯ್ತು. ಆ ಕಥೆಗೆ ಮೂಲವಾದ 2010ರ ಪ್ರಯೋಗದಲ್ಲಿದ್ದವರು 42 ಜನ. 2015ರಲ್ಲಿ ಸುಮಾರು 200 ಜನರ ಮೇಲೆ ಮತ್ತೆ ಪರೀಕ್ಷಿಸಿದಾಗ ಹಾರ್ಮೋನ್ ಬದಲಾಗಲಿಲ್ಲ. ಮರುವರ್ಷ, ಮೂಲ ಸಂಶೋಧಕರಲ್ಲೊಬ್ಬರಾದ ಡೇನಾ ಕಾರ್ನಿ ತನಗೇ ಅದರಲ್ಲಿ ನಂಬಿಕೆ ಉಳಿದಿಲ್ಲ ಅಂತ ಬರೆದರು. ನಮ್ಮ ಟ್ರೈನರ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅನ್ಸುತ್ತೆ!

ಹಾಗಂತ ಹೇಗೆ ಬೇಕಾದ್ರೂ ಕೂರಬಹುದು ಅಂತ ನಾನು ಹೇಳ್ತಿಲ್ಲ. ಆದ್ರೆ ಅರಕಲಗೂಡಿನ ಕಡೆಯಿಂದಲೋ ಆಲೂರಿನ ಹಳ್ಳಿಯಿಂದಲೋ ಬಂದ ಮಗು ಯಾವ ಪಾಠ ಕಲಿತು ಬಂದಿದೆ ನೋಡಿ. ದೊಡ್ಡವರ ಮುಂದೆ ಕಾಲ ಮೇಲೆ ಕಾಲು ಹಾಕಬೇಡ. ಎದುರುತ್ತರ ಕೊಡಬೇಡ. ಬೈಯುವಾಗ ಮುಖ ನೋಡಿದ್ರೆ 'ಏನ್ ಗುರಾಯಿಸ್ತೀಯಾ' ಅಂತ ಇನ್ನೊಂದು ಏಟು. ಇಪ್ಪತ್ತು ವರ್ಷ ಮನೆ, ಶಾಲೆ, ಊರು ಸೇರಿ ತಗ್ಗಿಸಿದ ಕಣ್ಣು ಅದು. ಬೆಂಗಳೂರಿನ ಎಸಿ ರೂಮಲ್ಲಿ ಅದೇ ಕಣ್ಣಿಗೆ 'ಲೋ ಕಾನ್ಫಿಡೆನ್ಸ್' ಅಂತ ಬರ್ಕೊಳ್ತಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ನಕ್ಕರೆ ಸಲಿಗೆ, ನಗದಿದ್ರೆ ಜಂಬ. ಇಂಥವರಿಗೆ ಒಂದು ವಾರದ ಟ್ರೈನಿಂಗ್‌ನಲ್ಲಿ 'ಐ ಕಾಂಟ್ಯಾಕ್ಟ್ ಬಿಡಬೇಡಿ' ಅಂದ್ರೆ ಏನಾಗುತ್ತೆ? ರೆಪ್ಪೆ ಬಡಿಯದೆ ದುರುಗುಟ್ಟಿ ನೋಡ್ತಾರೆ, ಉತ್ತರ ಮರೆತುಹೋಗುತ್ತೆ.

ನನ್ನ ಕೇಳಿದ್ರೆ ಕಲಿಸಬೇಕಾದ್ದು ಸ್ವಲ್ಪವೇ. ಕುರ್ಚಿಯ ತುದಿಯಲ್ಲಿ ಕೂರೋ ಬದಲು ಬೆನ್ನು ತಾಗುವಂತೆ ಕೂರು. ಕೈ ಮೇಜಿನ ಕೆಳಗೆ ಬಚ್ಚಿಡಬೇಡ, ಪೆನ್ನು ಟಿಕ್ ಟಿಕ್ ಅನ್ನಿಸಬೇಡ. ಕಣ್ಣಿಗೆ ಕಣ್ಣು ಕೊಡೋದು ಕಷ್ಟವಾದ್ರೆ ಹುಬ್ಬುಗಳ ನಡುವೆ ನೋಡು, ಎದುರಿನವರಿಗೆ ವ್ಯತ್ಯಾಸ ತಿಳಿಯಲ್ಲ. ಯೋಚಿಸುವಾಗ ದೃಷ್ಟಿ ಆಚೆ ಹೋದ್ರೆ ಹೋಗಲಿ, ಅದು ಎಲ್ಲರಿಗೂ ಸಹಜ. ಮೂವರು ಕೂತಿದ್ರೆ ಪ್ರಶ್ನೆ ಕೇಳಿದವರಿಂದ ಶುರುಮಾಡಿ ಉಳಿದಿಬ್ಬರನ್ನೂ ಒಮ್ಮೆ ನೋಡು. ನಮಸ್ಕಾರ ಹೇಳೋಕೆ ನಾಚಿಕೆ ಬೇಡ. ಅವರು ಕೈ ಚಾಚಿದ್ರೆ ಕುಲುಕು. ವಿಡಿಯೊ ಇಂಟರ್‌ವ್ಯೂ ಆದ್ರೆ ಪುಸ್ತಕಗಳನ್ನ ಪೇರಿಸಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತಗೊಂಡು ಬಾ, ಮಾತಾಡುವಾಗ ಸ್ಕ್ರೀನ್ ಬಿಟ್ಟು ಕ್ಯಾಮೆರಾ ನೋಡು. ಕಿಟಕಿ ಬೆನ್ನ ಹಿಂದೆ ಇದ್ರೆ ಮುಖ ಕಪ್ಪಾಗಿ ಕಾಣುತ್ತೆ. ಸಕಲೇಶಪುರದ ಕಡೆಯವರಾದ್ರೆ ನೆಟ್‌ವರ್ಕ್ ಸಿಗೋ ನೆಂಟರ ಮನೆಯನ್ನ ಹಿಂದಿನ ದಿನವೇ ಗೊತ್ತುಮಾಡ್ಕೊಳ್ಳಿ. ಭಂಗಿಗಿಂತ ಅದು ಮುಖ್ಯ ಕಣ್ರೀ.

ಇದಕ್ಕೆಲ್ಲ ಸಾವಿರಾರು ರೂಪಾಯಿ ಫೀಸು ಯಾಕೆ? ಮನೆಯಲ್ಲಿ ಅಕ್ಕನೋ ಮಾವನೋ ಎದುರು ಕೂತು ನಾಲ್ಕು ಪ್ರಶ್ನೆ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ತೋರಿಸಿದ್ರೆ ಮಕ್ಕಳ ಕಾಲು ಅಲ್ಲಾಡೋದು ಮಕ್ಕಳಿಗೇ ಕಾಣುತ್ತೆ.

ಇನ್ನು ಮೇಜಿನ ಆಚೆ ಕೂರುವವರಿಗೆ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನ ಕೇಳಿ, ಉತ್ತರಕ್ಕೆ ಆಗಿಂದಾಗಲೇ ಅಂಕ ಹಾಕಿ. ಹಾಗೆ ಕಟ್ಟುನಿಟ್ಟಾಗಿ ನಡೆಸಿದ ಸಂದರ್ಶನವೇ ಕೆಲಸಗಾರರನ್ನ ಚೆನ್ನಾಗಿ ಗುರುತಿಸುತ್ತೆ ಅಂತ ಸಂಶೋಧನೆಗಳು ಹೇಳ್ತಾ ಬಂದಿವೆ. ಅಕೌಂಟ್ಸ್ ಕೆಲಸಕ್ಕೆ ಬಂದವನ ಕೈಗೆ ಒಂದು ತಪ್ಪಿರೋ ಬಿಲ್ ಕೊಟ್ಟು ನೋಡಿ. ತಲೆ ತಗ್ಗಿಸಿಕೊಂಡೇ ತಪ್ಪು ಹುಡುಕಿ ಕೊಟ್ರೆ ನಿಮಗೇನು ನಷ್ಟ?