ಎಂಜಿನ್ ಬಿಚ್ಚುವ ಮುಂಚೆ ಸಕ್ಷನ್ ಪೈಪ್ ನೋಡಿ

ತೊಗರಿ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ನಮ್ಮ ಕಲಬುರಗಿ ಕಡೆ ಹಳ್ಳ, ಬಾವಿ, ಕೃಷಿ ಹೊಂಡದ ದಂಡೆಯಲ್ಲೆಲ್ಲ ಪೆಟ್ರೋಲ್ ಎಂಜಿನ್ ಪಂಪಿನದೇ ಸದ್ದು. ಆಗ ಒಂದು ನೀರು ಕೊಟ್ಟರೆ ಬೆಳೆಗೆ ಜೀವ ಬರುತ್ತದೆ. ಸರಿಯಾಗಿ ಅದೇ ಹೊತ್ತಲ್ಲಿ ಈ ಮಾತು ಕೇಳಿಬರುತ್ತದೆ: "ಎಂಜಿನ್ ಛಲೋ ಅದರೀ, ನೀರ ಎತ್ತವಲ್ದು." ಪಂಪನ್ನು ಬೈಕಿಗೆ ಕಟ್ಟಿಕೊಂಡು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಪ್ಲಗ್ ಬದಲಿಸುತ್ತಾರೆ, ಕಾರ್ಬುರೇಟರ್ ಬಿಚ್ಚುತ್ತಾರೆ. ದುಡ್ಡೂ ಹೋಯಿತು, ದಿನವೂ ಹೋಯಿತು. ವಾಪಸ್ ತಂದು ಹಚ್ಚಿದರೆ ಮತ್ತೆ ಅದೇ ಕಥೆ.

ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ನೀರು ಬರ್ತಿಲ್ಲ ಅಂದ್ರೆ ಮೊದಲು ಸಕ್ಷನ್ ಪೈಪ್, ಅಂದ್ರೆ ಬಾವಿ ನೀರಿನಿಂದ ಪಂಪಿಗೆ ಬರುವ ಪೈಪ್, ಹಿಡಿದು ಹೋಗಿ ಅಂತ ನಾನು ಎಲ್ಲರಿಗೂ ಹೇಳೋದು.

ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೇ. ನೀರನ್ನು ಮೇಲಕ್ಕೆ ದೂಡೋದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲೇ ಅದು ನೀರನ್ನು ದೂಡಬಲ್ಲ ಎತ್ತರ ಲೆಕ್ಕದ ಪ್ರಕಾರ ಸುಮಾರು 10.3 ಮೀಟರ್. ಹೊಲದಲ್ಲಿ ನೀರಿನಿಂದ ಪಂಪಿನ ಎತ್ತರ 7 ಮೀಟರ್ ದಾಟಿದರೆ ಕಷ್ಟ. ಬೀದರ್‌ನಂಥ ಎತ್ತರದ ಊರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಎಷ್ಟೇ ಎಚ್‌ಪಿ ಎಂಜಿನ್ ತಂದರೂ ಈ ಮಿತಿ ಬದಲಾಗಲ್ಲ. ಬೇಸಿಗೆಯಲ್ಲಿ ಬಾವಿ ನೀರು ಇಳಿದಾಗ "ಪಂಪು ಕೆಟ್ಟಿತು" ಅನ್ನೋದು ಇದಕ್ಕೇ. ಪಂಪು ಕೆಟ್ಟಿರಲ್ಲ, ನೀರು ದೂರ ಹೋಗಿರುತ್ತದೆ.

ಆಗ ಕೆಲವರು ಎಂಜಿನ್ನನ್ನೇ ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ದಯವಿಟ್ಟು ಬೇಡ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾವಿಯೊಳಗೆ ತುಂಬಿಕೊಂಡರೆ ಇಳಿದವರು ಅಲ್ಲೇ ಎಚ್ಚರ ತಪ್ಪುತ್ತಾರೆ, ಎತ್ತಲು ಇಳಿದ ಅಣ್ಣತಮ್ಮಂದಿರೂ ಬೀಳುತ್ತಾರೆ. ಯಾರಾದರೂ ಹಾಗೆ ಬಿದ್ದಿದ್ದರೆ ಹಿಂದೆಯೇ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ.

ನೀರು ಹತ್ತಿರವೇ ಇದ್ದೂ ಬರ್ತಿಲ್ಲ ಅಂದ್ರೆ ಜಾಸ್ತಿ ಸಲ ಪೈಪು ಏರ್ ಹಿಡಿದಿರುತ್ತದೆ. ಇದನ್ನು ಕಣ್ಣಲ್ಲಿ ನೋಡಿ ಹಿಡಿಯೋದು ಕಷ್ಟ. ಪಂಪಿನಿಂದ ನೀರು ಹೊರಗೆ ಒಯ್ಯುವ ಡೆಲಿವರಿ ಪೈಪ್ ತೂತಾದರೆ ನೀರು ಚಿಮ್ಮುತ್ತದೆ, ಗೊತ್ತಾಗುತ್ತದೆ. ಸಕ್ಷನ್ ಕಡೆ ಹಾಗಲ್ಲ. ಅಲ್ಲಿ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಬರಲ್ಲ. ಜಾಯಿಂಟ್ ಒಣಗಿ ಚೊಕ್ಕಟವಾಗಿ ಕಾಣುತ್ತದೆ. ಪಂಪಿಗೆ ನೀರು ತುಂಬಿಸಿ ಎಂಜಿನ್ ಹಚ್ಚಿ, ಕ್ಲಿಪ್ ಹಾಕಿದ ಜಾಗಕ್ಕೆಲ್ಲ ಹಸಿ ಎರೆಮಣ್ಣು ಮೆತ್ತಿ ನೋಡಿ. ಗಾಳಿ ಬೆರೆತು ತಡೆತಡೆದು ಬರುತ್ತಿದ್ದ ನೀರು ಒಮ್ಮೆಲೇ ತುಂಬಿ ಬಂದರೆ ಕಳ್ಳ ಅಲ್ಲೇ ಇದ್ದಾನೆ. ರಬ್ಬರ್ ವಾಷರ್ ಬದಲಿಸಿ, ಕ್ಲಿಪ್ ಬಿಗಿ ಮಾಡಿ. ಬಿಸಿಲಿಗೆ ಬಿದ್ದು ಸೀಳಿದ ಪೈಪಾದರೆ ಆ ತುಂಡು ಕತ್ತರಿಸಿ ಹಾಕಿ. ಪೈಪು ದಂಡೆಯ ದಿಬ್ಬ ಹತ್ತಿ ಪಂಪಿಗಿಂತ ಮೇಲೆ ಹೋಗಿ ಇಳಿದಿದ್ದರೂ ಆ ಡೊಂಕಿನಲ್ಲಿ ಗಾಳಿ ಕೂತುಬಿಡುತ್ತದೆ.

ಇನ್ನು ಫುಟ್‌ವಾಲ್ವ್, ಅಂದ್ರೆ ನೀರು ವಾಪಸ್ ಇಳಿಯದಂತೆ ಸಕ್ಷನ್ ಪೈಪಿನ ತುದಿಗೆ ಹಾಕುವ ವಾಲ್ವ್. ತುಂಬಿಸಿದ ನೀರು ನಿಲ್ಲದೆ ಇಳಿದುಹೋದರೆ ಹೆಚ್ಚಾಗಿ ಅದರ ಬಾಯಲ್ಲಿ ಎಲೆಯೋ ಉಸುಕೋ ಸಿಕ್ಕಿರುತ್ತದೆ. ಭೀಮಾ ದಂಡೆಯವರಿಗೆ ಇದು ಹೊಸದಲ್ಲ. ನೀರಿಲ್ಲದೆ ಮಾತ್ರ ಓಡಿಸಬೇಡಿ. ಪಂಪಿನ ಸೀಲ್ ತಣ್ಣಗಿರೋದೇ ನೀರಿನಿಂದ, ಒಣಗಿ ಓಡಿದರೆ ಬೇಗ ಸುಟ್ಟುಹೋಗುತ್ತದೆ.

ಎಂಜಿನ್ನೇ ಹಚ್ಚಲ್ಲ ಅಂದ್ರೆ ಅದು ಕೂತ ಜಾಗ ನೋಡಿ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ನಿಲ್ಲಿಸುವ ಸೆನ್ಸರ್ ಇರುತ್ತದೆ. ಹೊಳೆ ದಂಡೆಯ ಇಳಿಜಾರಲ್ಲಿ ಇಟ್ಟರೆ ಆಯಿಲ್ ಒಂದು ಕಡೆ ಸರಿದು, ಸಾಕಷ್ಟು ಇದ್ದರೂ ಇಲ್ಲ ಅಂತ ಅದು ತಿಳಿಯುತ್ತದೆ. ಹಗ್ಗ ಎಳೆದು ರಟ್ಟೆ ನೋಯಿಸಿಕೊಳ್ಳುವ ಬದಲು ಸಮತಟ್ಟು ಮಾಡಿ ಇಡಿ. ಹಂಗಾಮು ಮುಗಿದ ಮೇಲೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡಬೇಡಿ, ಅಂಟುಗಟ್ಟಿ ಅದರ ಜೆಟ್, ಅಂದ್ರೆ ಪೆಟ್ರೋಲ್ ಹೋಗುವ ಸಣ್ಣ ತೂತು, ಮುಚ್ಚುತ್ತದೆ.

ಪಂಪು ಮಾರುವವರಿಗೆ ಒಂದು ಕೋರಿಕೆ. ರೈತ ಬಂದಾಗ ಎಚ್‌ಪಿ ಎಷ್ಟು ಅಂತ ಹೇಳುವ ಮೊದಲು ನಿಮ್ಮ ಬಾವಿಯಲ್ಲಿ ಬೇಸಿಗೆಗೆ ನೀರು ಎಷ್ಟು ಆಳಕ್ಕೆ ಹೋಗುತ್ತದೆ ಅಂತ ಕೇಳಿ. 7 ಮೀಟರ್‌ಗಿಂತ ಜಾಸ್ತಿ ಅಂದರೆ ಈ ಪಂಪು ನಿಮಗೆ ಆಗಲ್ಲ, ನೀರೊಳಗೇ ಮುಳುಗಿಸಿಡುವ ಸಬ್‌ಮರ್ಸಿಬಲ್ ಪಂಪು ನೋಡಿ ಅಂತ ಹೇಳಿಬಿಡಿ.