ದಯವಿಟ್ಟು ನನ್ನನ್ನು ಅನುಮಾನಿಸಿ

ನಮ್ಮ ಬೀದಿಯ ನಿವೃತ್ತ ಹೆಡ್‌ಮೇಷ್ಟ್ರಿಗೆ ಎಪ್ಪತ್ತು ದಾಟಿದ ಮೇಲೆ ತಾವು ಭಾರತೀಯರು ಹೌದೋ ಅಲ್ಲವೋ ಎಂಬ ಪ್ರಶ್ನೆ ಎದುರಾಯಿತು. ಕಾರಣ ಇಷ್ಟೇ, ಮಗಳು ನ್ಯೂಜೆರ್ಸಿಯಲ್ಲಿ ಬಸುರಿ. ಮೈಸೂರಿನ ಮಧ್ಯಮ ವರ್ಗ ಪಾಸ್‌ಪೋರ್ಟ್ ಮಾಡಿಸುವುದು ಲೋಕ ಸುತ್ತಲಿಕ್ಕಲ್ಲ, ಬಾಣಂತನ ಮಾಡಲಿಕ್ಕೆ. ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಒಂದು ಮನೆಯ ಗೇಟಿಗೆ ತಿಂಗಳುಗಟ್ಟಲೆ ಬೀಗ ಬಿದ್ದಿದೆ ಎಂದರೆ ಆ ಮನೆಯ ಅಜ್ಜಿ ಅಮೆರಿಕದ ಯಾವುದೋ ಅಡುಗೆಮನೆಯಲ್ಲಿ ಅಂಟಿನುಂಡೆ ಕಟ್ಟುತ್ತಿದ್ದಾಳೆ ಎಂದೇ ಲೆಕ್ಕ.

ಈ ವಿಷಯದಲ್ಲಿ ಮೈಸೂರಿಗೆ ಒಂದು ಹೆಮ್ಮೆಯೂ ಉಂಟು. ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದು ಇಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅದಕ್ಕೆ ಮುಂಚೆ ಕಾಗದ ತೋರಿಸಲು ಬೆಂಗಳೂರಿನ ರೈಲು ಹತ್ತಬೇಕಿತ್ತು. ಈಗ ಇಲ್ಲೇ ತೋರಿಸಬಹುದು. ಕಾಗದ ಇದ್ದರೆ.

ಮೇಷ್ಟ್ರು ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ, ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಹುಟ್ಟಿದ್ದು 1969ರಲ್ಲಿ. ಅಂದರೆ ಮೇಷ್ಟ್ರೇ ಆ ಕಾಯ್ದೆಗಿಂತ ಹಿರಿಯರು. ಜನನ ಪತ್ರಕ್ಕೆ ಅರ್ಜಿ ಹಾಕಿದರೆ ದಾಖಲೆ ಲಭ್ಯವಿಲ್ಲ ಎಂಬ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೊಂದು ನಮೂನೆ, ಒಂದು ಸಹಿ, ಒಂದು ಸೀಲು. ಇಲ್ಲದ್ದನ್ನು ಇಲ್ಲ ಎಂದು ಇಷ್ಟು ಅಚ್ಚುಕಟ್ಟಾಗಿ ದೃಢೀಕರಿಸುವ ವ್ಯವಸ್ಥೆ ನಮ್ಮದು.

ಹಾಗೆಂದು ಸರ್ಕಾರ ಉದಾರಿಯಲ್ಲ ಎನ್ನುವಂತಿಲ್ಲ. ಹುಟ್ಟಿದ ದಿನಾಂಕಕ್ಕೆ ಶಾಲೆಯ ದಾಖಲೆ ನಡೆಯುತ್ತದೆ, ಪಾನ್ ಕಾರ್ಡ್ ನಡೆಯುತ್ತದೆ, ಎಲ್‌ಐಸಿ ಬಾಂಡ್ ಕೂಡ ನಡೆಯುತ್ತದೆ. ಸಾವಿಗೆಂದು ಮಾಡಿಸಿದ ಕಾಗದದಿಂದ ಹುಟ್ಟನ್ನು ಸಾಬೀತು ಮಾಡಬಹುದು. ಕಷ್ಟ ಈಗ ಹುಟ್ಟುವವರಿಗೇ. 2025ರ ಫೆಬ್ರವರಿಯ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪತ್ರವೊಂದೇ ಗತಿ. ಎಲ್‌ಐಸಿಗೆ ಅವಕಾಶವಿಲ್ಲ.

ಮೇಷ್ಟ್ರ ಶಾಲಾ ದಾಖಲೆಯಲ್ಲಿ ಜನ್ಮದಿನ ಜೂನ್ 1. ಹಳೇ ಮೈಸೂರಿನ ಒಂದು ತಲೆಮಾರೇ ಜೂನ್ 1ರಂದು ಹುಟ್ಟಿತು ಎನ್ನಬಹುದು. ಶಾಲೆ ತೆರೆಯುವ ದಿನ ಅಪ್ಪ ಮಗುವಿನ ಕೈ ಹಿಡಿದು ಬಂದ, ಅಲ್ಲಿನ ಮೇಷ್ಟ್ರು ತಲೆಯ ಮೇಲಿಂದ ಕೈ ಹಾಕಿಸಿ ಕಿವಿ ಮುಟ್ಟಿಸಿ ನೋಡಿದರು, ಕೈ ಎಟುಕಿತು, ಬರೆದರು. ನಮ್ಮ ಮೇಷ್ಟ್ರೂ ಮುಂದೆ ಹೆಡ್‌ಮೇಷ್ಟ್ರಾಗಿ ಎಷ್ಟೋ ಮಕ್ಕಳಿಗೆ ಹಾಗೇ ಬರೆದವರೇ. ‘ನಮ್ಮಮ್ಮ ಹೇಳೋ ಪ್ರಕಾರ ನಾನು ಹುಟ್ಟಿದ್ದು ಭೀಮನಮವಾಸ್ಯೆ ಕಳೆದ ಮಾರನೇ ದಿನ’ ಎಂದು ಅವರು ಕೌಂಟರಿನ ಹುಡುಗನಿಗೆ ಹೇಳಿದರಂತೆ. ಹುಡುಗ ಅದನ್ನು ಸ್ಕ್ಯಾನ್ ಮಾಡಲಾಗುವುದಿಲ್ಲ ಎಂದ.

ಆಮೇಲೆ ಹೆಸರು. ಮಂಡ್ಯದ ಕಡೆಯವರಿಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದರೆ ಮೇಷ್ಟ್ರು ಮಿಸ್ಟರ್ ಕ್ಯಾತನಹಳ್ಳಿ ಆಗುತ್ತಾರೆ. ಅಪ್ಪನ ಹೆಸರು ಹಾಕೋಣವೆಂದರೆ ಪಾನ್ ಕಾರ್ಡಿನಲ್ಲಿ ಗೌಡರು ಡಬ್ಲ್ಯೂ ಇಟ್ಟುಕೊಂಡಿದ್ದಾರೆ, ಆಧಾರ್‌ನಲ್ಲಿ ಯು ಇಟ್ಟುಕೊಂಡಿದ್ದಾರೆ. ‘ಮೊದಲು ಆಧಾರ್ ಸರಿ ಮಾಡಿಸಿಕೊಂಡು ಬನ್ನಿ’ ಎಂದರು. ಆಧಾರ್ ಸೆಂಟರಿಗೆ ಹೋದರೆ ಹೆಸರು ತಿದ್ದಲು ಯಾವ ಯಾವ ದಾಖಲೆ ಆಗುತ್ತದೆ ಎಂಬ ಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿ ಎದ್ದು ಕಾಣುವ ಒಂದು ದಾಖಲೆ: ಪಾಸ್‌ಪೋರ್ಟ್.

ಇಷ್ಟರಲ್ಲಿ ಮೇಷ್ಟ್ರು ಮನೆಯ ಟ್ರಂಕನ್ನೇ ಕೌಂಟರಿಗೆ ಹೊರಲು ಶುರುಮಾಡಿದ್ದರು. ಯಾವುದು ಕೇಳುತ್ತಾರೋ ಎಂಬ ಭಯ. ಅದರಲ್ಲಿ ಅವರ ಅಪ್ಪನ ಕಾಲದ ಒಂದು ಜಮೀನಿನ ಪತ್ರವಿತ್ತು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತಲ್ಲ, ಪತ್ರದಲ್ಲಿ ಅದೇ ಇದೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟ ಬಂಡೆಗಳಿಂದ ಬಂದ ಹೆಸರು. ಕೌಂಟರಿನವನು ಪತ್ರ ತಿರುಗಿಸಿ ಮುರುಗಿಸಿ ನೋಡಿ, ‘ಸಾರ್, ನಿಮ್ ತಂದೆಯೋರು ಫ್ರಾನ್ಸಲ್ಲಿ ಇದ್ರಾ?’ ಎಂದು ಕೇಳಿದ. ಜೊತೆಗೆ ಜಿಲ್ಲೆ ಮೈಸೂರು ಎಂದಿದೆ, ಏಕೆಂದರೆ ಮಂಡ್ಯ ಜಿಲ್ಲೆ ಬೇರೆಯಾದದ್ದು 1939ರಲ್ಲಿ. ರಾಜ್ಯವೂ ಮೈಸೂರು, ಏಕೆಂದರೆ ಅದು ಕರ್ನಾಟಕವಾದದ್ದು 1973ರಲ್ಲಿ. ಮೈಸೂರು ನಗರದ ಇಂಗ್ಲಿಷ್ ಹೆಸರು ಬೇರೆ 2014ರಲ್ಲಿ ಬದಲಾಯಿತು. ಮೇಷ್ಟ್ರ ವಂಶ ಕೂತಲ್ಲೇ ಕೂತಿತ್ತು, ವಿಳಾಸವೇ ಎದ್ದು ಓಡಾಡಿಕೊಂಡಿತ್ತು.

ಅಂತೂ ಅರ್ಜಿ ಒಳಗೆ ಹೋಯಿತು. ಹಿರಿಯ ನಾಗರಿಕರ ರಿಯಾಯಿತಿ ಕಳೆದು 1,350 ರೂಪಾಯಿ ಕಟ್ಟಿದ್ದಾಯಿತು, ಬೆರಳಚ್ಚು ಕೊಟ್ಟಿದ್ದಾಯಿತು, ಎ ಕೌಂಟರಿನಿಂದ ಬಿ, ಬಿಯಿಂದ ಸಿ ದಾಟಿದ್ದಾಯಿತು. ಇನ್ನು ಎಷ್ಟು ದಿನ ಎಂದು ಕೇಳಿದರೆ ಕೆಲವೇ ದಿನ ಎಂದರು, ಪೊಲೀಸ್ ವೆರಿಫಿಕೇಶನ್‌ಗೆ ತಗಲುವ ಸಮಯ ಬಿಟ್ಟು. ಈ ಬಿಟ್ಟು ಎಂಬುದು ನಮ್ಮ ಆಡಳಿತದ ಮಹಾ ಆವಿಷ್ಕಾರ. ಅಡುಗೆ ಮಾಡುವ ಸಮಯ ಬಿಟ್ಟರೆ ಯಾವ ಮದುವೆ ಮನೆಯಲ್ಲೂ ಊಟ ಐದೇ ನಿಮಿಷಕ್ಕೆ ತಯಾರಾಗುತ್ತದೆ.

ಮೇಷ್ಟ್ರ ಗ್ರಹಚಾರಕ್ಕೆ ದಸರಾ ಹತ್ತಿರ ಬಂದಿತ್ತು. ದಸರಾ ಎಂದರೆ ಪೊಲೀಸರೆಲ್ಲ ಬಂದೋಬಸ್ತಿಗೆ. ಅರಮನೆಯಿಂದ ಬನ್ನಿಮಂಟಪದವರೆಗೆ ಹಗ್ಗ ಹಿಡಿದು ನಿಂತವರು ಮೇಷ್ಟ್ರ ಮನೆ ಬಾಗಿಲು ಬಡಿಯಲು ಬರುವುದು ಹೇಗೆ? ಅದೇ ದಿನಗಳಲ್ಲಿ ಪೇಪರಿನಲ್ಲಿ ದಸರಾ ಆನೆಗಳ ವಿವರ ಬರುತ್ತಿತ್ತು. ಹೆಸರು, ವಯಸ್ಸು, ಯಾವ ಶಿಬಿರ, ಎಷ್ಟು ತೂಕ, ಮಾವುತ ಯಾರು. ಮತ್ತಿಗೋಡು ಶಿಬಿರದ ಅಭಿಮನ್ಯುವಿನ ಬಗ್ಗೆ ರಾಜ್ಯಕ್ಕೆ ಇಷ್ಟು ಖಚಿತವಾಗಿ ಗೊತ್ತಿರುವಾಗ ತಮ್ಮ ಬಗ್ಗೆ ಯಾಕೆ ಇಷ್ಟು ಸಂದೇಹ ಎಂದು ಮೇಷ್ಟ್ರಿಗೆ ನಿಜಕ್ಕೂ ಬೇಸರವಾಯಿತು. ಅಂಬಾರಿಯ 750 ಕೆಜಿ ಹೊರುವುದಾದರೆ ತಮಗೂ ಯಾರಾದರೂ ಒಂದು ದಾಖಲೆ ಮಾಡಿಕೊಡುತ್ತಿದ್ದರೇನೋ.

ಜಂಬೂ ಸವಾರಿ ಮುಗಿದು ಊರು ಸುಧಾರಿಸಿಕೊಂಡ ಮೇಲೆ ಒಬ್ಬರು ಬಂದರು. ಅರ್ಜಿಯಲ್ಲಿ ಎರಡು ರೆಫರೆನ್ಸ್ ಕೊಡಬೇಕಲ್ಲ, ಒಂದು ನನ್ನ ಹೆಸರು. ‘ಇವ್ರು ನಿಮಗೆ ಗೊತ್ತಾ?’ ಗೊತ್ತು. ‘ಎಷ್ಟು ವರ್ಷದಿಂದ?’ ಮನೆ ಕಟ್ಟಿದಾಗಿನಿಂದ. ‘ಕೇಸು ಗೀಸು?’ ಪಕ್ಕದ ಸೈಟಿನ ಕಾಂಪೌಂಡ್ ತಂಟೆಯೊಂದು ಬಿಟ್ಟರೆ ಇಲ್ಲ. ಬರೆದುಕೊಂಡರು, ಕಾಫಿ ಕುಡಿದರು. ಕಾಫಿಯ ನಂತರ ಬಾಗಿಲ ಬಳಿ ತುಸು ಹೊತ್ತು ಸುಮ್ಮನೆ ನಿಂತರು. ಆ ಮೌನದ ಅರ್ಥ ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಗೊತ್ತು. ನಮ್ಮ ಪೌರತ್ವಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕೇ?

ಅತ್ತ ನ್ಯೂಜೆರ್ಸಿಯಲ್ಲಿ ಮಗು ಕಾಯಲಿಲ್ಲ. ಹುಟ್ಟಿದ ಕ್ಷಣವೇ ಅದು ಅಮೆರಿಕದ ಪ್ರಜೆ, ಆ ದೇಶದ ಸಂವಿಧಾನದ 14ನೇ ತಿದ್ದುಪಡಿಯ ಪುಣ್ಯ. ಕುತ್ತಿಗೆ ನಿಲ್ಲುವ ಮೊದಲೇ ಅದಕ್ಕೆ ಪಾಸ್‌ಪೋರ್ಟ್ ಬಂತು. ಅಜ್ಜಿ ಬಾಣಂತನವನ್ನು ವಾಟ್ಸ್‌ಆ್ಯಪ್ ವೀಡಿಯೊದಲ್ಲೇ ಮುಗಿಸಿದರು, ‘ನೀರು ಇನ್ನೂ ಬಿಸಿ ಇರ್ಲಿ, ಬೆನ್ನಿಗೆ ಹುಯ್ಯಿ, ಬೆನ್ನಿಗೆ’ ಎಂದು ಫೋನಿಗೆ ಕೂಗುತ್ತಾ. ಅಜ್ಜನ ಸ್ಟೇಟಸ್ ಮಾತ್ರ ‘ಪರಿಶೀಲನೆಯಲ್ಲಿದೆ’.

ಖಾಲಿ ಕೂತ ಮೇಷ್ಟ್ರು ಅಪಾಯಕಾರಿ. ಅವರು 1955ರ ಪೌರತ್ವ ಕಾಯ್ದೆಯನ್ನು ತರಿಸಿ ಕೆಂಪು ಪೆನ್ನು ಹಿಡಿದು ಓದಲು ಕೂತರು. ಮೂರನೇ ಸೆಕ್ಷನ್ ಓದಿ ಖುಷಿಯಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದ ಮೇಲೆ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಅಪ್ಪ ಅಮ್ಮ ಯಾರೆಂಬ ಪ್ರಶ್ನೆಯೇ ಇಲ್ಲ. ಅಪ್ಪ ಪರದೇಶದ ರಾಯಭಾರಿಯಂಥವನಾಗಿರಬಾರದು, ಅಷ್ಟೇ. ಕ್ಯಾತನಹಳ್ಳಿಗೆ ಯಾವ ದೇಶವೂ ರಾಯಭಾರಿ ಕಳಿಸಿದ ನೆನಪು ಯಾರಿಗೂ ಇಲ್ಲ. ಅಂದರೆ ಮೇಷ್ಟ್ರು ಪಕ್ಕಾ ಭಾರತೀಯರು. ಸರಿ, ಅದನ್ನು ಹೇಳುವ ಸರ್ಟಿಫಿಕೇಟ್ ಎಲ್ಲಿ? ಪುಟ ತಿರುವಿದರು, ಮತ್ತೆ ತಿರುವಿದರು. ಹೊರದೇಶದಿಂದ ಬಂದು ಪೌರರಾದವರಿಗೆ ಸರ್ಟಿಫಿಕೇಟ್ ಇದೆ. ಬೇರೆ ದೇಶದ ಪ್ರಜೆಯಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದವರಿಗೂ ಒಂದು ಸರೆಂಡರ್ ಸರ್ಟಿಫಿಕೇಟ್ ಇದೆ. ಒಳಗೆ ಬಂದವರಿಗೆ ರಸೀದಿ, ಹೊರಗೆ ಹೋದವರಿಗೆ ರಸೀದಿ. ಹುಟ್ಟಿದಾಗಿನಿಂದ ಇಲ್ಲೇ ಬಿದ್ದುಕೊಂಡಿರುವವರಿಗೆ ಏನೂ ಇಲ್ಲ.

ಆಧಾರ್ ಇದೆಯಲ್ಲ ಎಂದೆ. ಕಾರ್ಡನ್ನು ನನ್ನ ಮುಖಕ್ಕೆ ಹಿಡಿದರು. ತಾನು ಗುರುತಿನ ಪುರಾವೆಯೇ ಹೊರತು ಪೌರತ್ವದ್ದಲ್ಲ ಎಂದು ಅದೇ ತನ್ನ ಮೈಮೇಲೆ ಅಚ್ಚು ಹಾಕಿಸಿಕೊಂಡಿದೆ. ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯಲ್ಲಿ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಹನ್ನೆರಡನೇ ದಾಖಲೆಯಾಗಿ ಸೇರಿಸಿತಾದರೂ ಪೌರತ್ವದ ಪುರಾವೆಯಲ್ಲ ಎಂಬ ಮಾತನ್ನು ಜೊತೆಗೇ ಹೇಳಿತು.

ಪಾಸ್‌ಪೋರ್ಟ್ ಬಂದರೆ ಮುಗಿಯಿತಲ್ಲ ಎಂದೆ. ಮೇಷ್ಟ್ರು ನಕ್ಕು 1967ರ ಪಾಸ್‌ಪೋರ್ಟ್ ಕಾಯ್ದೆಯ 20ನೇ ಸೆಕ್ಷನ್ ಓದಿದರು. ಸಾರ್ವಜನಿಕ ಹಿತ ಕಂಡುಬಂದರೆ ಭಾರತದ ಪೌರನಲ್ಲದವನಿಗೂ ಸರ್ಕಾರ ಪಾಸ್‌ಪೋರ್ಟ್ ಕೊಡಬಹುದಂತೆ. ಇನ್ನು ಅವರ ಅಳಿಯ, ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡವನು. ನಮ್ಮ ಪೌರತ್ವ ನಿಯಮಗಳ ಮೂರನೇ ಷೆಡ್ಯೂಲಿನ ಪ್ರಕಾರ ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದು ಆ ದೇಶದ ಪೌರನಾದದ್ದಕ್ಕೆ ನಿರ್ಣಾಯಕ ಪುರಾವೆ, ಎರಡನೇ ಮಾತಿಲ್ಲ. ‘ನೋಡಿ, ಅಳಿಯ ಪರದೇಶದವನು ಅನ್ನೋದು ಸೂರ್ಯನಷ್ಟು ಸತ್ಯ. ಮಾವ ಸ್ವದೇಶದವನು ಅನ್ನೋದು ಮಾತ್ರ ಪರಿಶೀಲನೆಯಲ್ಲಿದೆ’ ಎಂದರು.

ನಗುವ ವಿಷಯವೇ, ನಮ್ಮ ಮೇಷ್ಟ್ರ ಮಟ್ಟಿಗೆ. ನಮ್ಮದೇ ಜಿಲ್ಲೆಯ ಬೈಲಕುಪ್ಪೆಗೆ ಹೋದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಅಲ್ಲಿನ ಟಿಬೆಟನ್ ಶಿಬಿರಗಳಲ್ಲಿ ಅರವತ್ತರ, ಎಪ್ಪತ್ತರ ದಶಕದಲ್ಲಿ ಹುಟ್ಟಿದವರೂ ಮೇಷ್ಟ್ರಿಗೆ ಪೌರತ್ವ ಕೊಟ್ಟ ಅದೇ ಮೂರನೇ ಸೆಕ್ಷನ್ನಿನ ಮಕ್ಕಳು. 2010ರಲ್ಲಿ ದೆಹಲಿ ಹೈಕೋರ್ಟು ಇದನ್ನೇ ಹೇಳಿತು, 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು, 2016ರಲ್ಲಿ ದೆಹಲಿಯವರು ಮತ್ತೊಮ್ಮೆ ಹೇಳಿದರು. 2017ರ ಮಾರ್ಚ್‌ನಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಅದು ಕೇಳಿಸಿತು. ಆ ವರ್ಷ ಜೂನ್‌ನಲ್ಲಿ ಷರತ್ತುಗಳು ಬಂದವು: ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಬೇಕು, ಶಿಬಿರದಲ್ಲಿ ವಾಸವಿರಬಾರದು, ಅಲ್ಲಿನ ಸವಲತ್ತು ಬಿಡಬೇಕು. ಹುಟ್ಟಿ ಬೆಳೆದ ಮನೆ ಬಿಟ್ಟು ಬಾ, ಆಮೇಲೆ ನಿನ್ನ ಮನೆ ವಿಳಾಸಕ್ಕೆ ವೆರಿಫಿಕೇಶನ್‌ಗೆ ಬರುತ್ತೇವೆ ಎಂದ ಹಾಗಾಯಿತು. ಹುಟ್ಟಿನಿಂದ ಪೌರನಾದವನು ಪೌರ ಅನಿಸಿಕೊಳ್ಳಲು ಮನೆ ಖಾಲಿ ಮಾಡಬೇಕೆಂಬ ಯೋಚನೆ ಯಾವ ತಲೆಗೆ ಹೊಳೆಯಿತೋ, ಆ ತಲೆಗೆ ದಸರೆಯಲ್ಲಿ ಒಂದು ಪೇಟ ತೊಡಿಸಬೇಕು.

ಮೇಷ್ಟ್ರ ಓದು 13ನೇ ಸೆಕ್ಷನ್ನಿಗೆ ಬಂದು ನಿಂತಿತು. ಒಬ್ಬ ವ್ಯಕ್ತಿಯ ಪೌರತ್ವದ ಬಗ್ಗೆ ಅನುಮಾನವಿದ್ದರೆ, ತನಗೆ ಸೂಕ್ತವೆನಿಸಿದಾಗ ಕೇಂದ್ರ ಸರ್ಕಾರ ಅವನು ಭಾರತದ ಪೌರ ಎಂದು ಸರ್ಟಿಫಿಕೇಟ್ ಕೊಡಬಹುದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅನುಮಾನ ಇದ್ದವನಿಗೆ ಸರ್ಟಿಫಿಕೇಟ್! ಇಷ್ಟು ವರ್ಷ ತಾವು ನೆಟ್ಟಗೆ ಬದುಕಿದ್ದೇ ತಪ್ಪಾಯಿತಲ್ಲ ಎಂದು ಅವತ್ತೇ ಬಿಳಿ ಹಾಳೆಯಲ್ಲಿ ಅರ್ಜಿ ಬರೆದರು: ‘ಮಾನ್ಯರೇ, ದಯವಿಟ್ಟು ನನ್ನನ್ನು ಅನುಮಾನಿಸಬೇಕಾಗಿ ವಿನಂತಿ.’ ತೆಗೆದುಕೊಂಡು ಒಂದು ಕಚೇರಿಗೆ ಹೋದೆವು. ನಾನು ಸುಮ್ಮನೆ ಜೊತೆಗೆ.

ಕ್ಲರ್ಕು ಪೂರ್ತಿ ಓದಿ, ಹಾಳೆಯ ಹಿಂಬದಿಯನ್ನೂ ನೋಡಿ ಕೇಳಿದರು, ‘ಯಾರಿಗೆ ಸಾರ್ ನಿಮ್ ಮೇಲೆ ಅನುಮಾನ?’

‘ಯಾರಿಗೂ ಇಲ್ಲಪ್ಪ, ಅದೇ ಆಗಿರೋ ತೊಂದರೆ.’

‘ಹಂಗಾದ್ರೆ ಇದು ಬರಲ್ಲ. ಯಾರಾದ್ರೂ ಒಬ್ರು ಅನುಮಾನ ಪಡಬೇಕು, ಬರವಣಿಗೆಯಲ್ಲಿ.’

ಮೇಷ್ಟ್ರು ನನ್ನ ಕಡೆ ತಿರುಗಿದರು. ವೆರಿಫಿಕೇಶನ್ನಿನಲ್ಲಿ ಅವರ ಪರ ಸಾಕ್ಷಿ ಹೇಳಿದವನೇ ನಾನು. ಆದರೂ ನೆರೆಹೊರೆ ಎಂದಮೇಲೆ ಇಷ್ಟೂ ಮಾಡದಿದ್ದರೆ ಹೇಗೆ? ಪೆನ್ನು ತೆಗೆದು, ಇವರ ಮೇಲೆ ನನಗೆ ಬಹಳ ದಿನದಿಂದ ಅನುಮಾನವಿದೆ ಎಂದು ಸ್ಪಷ್ಟವಾಗಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಕೊಟ್ಟೆ.

ಕ್ಲರ್ಕು ಅದನ್ನು ಫೈಲಿಗೆ ಪಿನ್ ಮಾಡಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಹೇಳಿದರು: ‘ಅನುಮಾನ ಪಡೋರದ್ದು ಆಧಾರ್ ಕಾರ್ಡ್ ಬೇಕಾಗುತ್ತೆ. ಜೆರಾಕ್ಸ್ ಎರಡು.’